ಖಾಲಿ ಸ್ಲೈಡ್: ರೋಗವೋ, ಲ್ಯಾಬಿನ ದೋಷವೋ? ವಂಶಪಾರಂಪರ್ಯ ಕಿಡ್ನಿ ಗಡ್ಡೆಗಳ ಐಎಚ್‌ಸಿಗೆ ದೋಷ ನಿವಾರಣೆ ಕೈಪಿಡಿ, ಕೊಡಗಿನ ಲ್ಯಾಬುಗಳಿಗಾಗಿ

ವಂಶಪಾರಂಪರ್ಯವಾಗಿ ಬರುವ ಕಿಡ್ನಿ ಗಡ್ಡೆಗಳನ್ನು ಗುರುತಿಸಲು ಐಎಚ್‌ಸಿಯಲ್ಲಿ (ಆ್ಯಂಟಿಬಾಡಿ ಬಳಸಿ ಅಂಗಾಂಶದ ಪ್ರೋಟೀನ್‌ಗೆ ಬಣ್ಣ ಬರಿಸುವ ಪರೀಕ್ಷೆ) ನಾವು ಹಾಕುವ ಮುಖ್ಯ ಮಾರ್ಕರ್‌ಗಳಲ್ಲಿ ಹಲವು ಬಣ್ಣ ಬಾರದೆ ಇರುವುದರ ಮೂಲಕವೇ ಉತ್ತರ ಹೇಳುತ್ತವೆ. ಎಸ್‌ಡಿಎಚ್‌ಬಿ, ಎಫ್‌ಎಚ್, ಬಿಎಪಿ1, ಐಎನ್‌ಐ1 ಎಲ್ಲವೂ ಆರೋಗ್ಯವಂತ ಜೀವಕೋಶದಲ್ಲಿ ಇದ್ದೇ ಇರುವ ಪ್ರೋಟೀನ್‌ಗಳು. ಜೀನಿನ ಎರಡೂ ಪ್ರತಿಗಳು ಕೆಟ್ಟ ಗಡ್ಡೆಯಲ್ಲಿ ಮಾತ್ರ ಇವು ಮಾಯವಾಗುತ್ತವೆ. ಆದರೆ ಫಾರ್ಮಲಿನ್ ಒಳಗೆ ಇಳಿಯದ ಅಂಗಾಂಶ, ಸಾಲದ ರಿಟ್ರೀವಲ್ (ಫಾರ್ಮಲಿನ್‌ನಿಂದ ಮುಚ್ಚಿಹೋದ ಪ್ರೋಟೀನನ್ನು ಶಾಖದಿಂದ ಮತ್ತೆ ತೆರೆಯುವ ಹಂತ), ಕರೆಂಟ್ ಹೋದಾಗ ಕೆಟ್ಟ ಆ್ಯಂಟಿಬಾಡಿ, ಇವು ಮೂರೂ ಅದೇ ಖಾಲಿ ಸ್ಲೈಡನ್ನೇ ಕೊಡುತ್ತವೆ. ಸುಳ್ಳು ‘ಲಾಸ್’ (ಪ್ರೋಟೀನ್ ಹೋಗಿದೆ) ಬರೆದರೆ ಒಂದು ಇಡೀ ಕುಟುಂಬ ಭಯದಲ್ಲಿ ಜೀನ್ ಪರೀಕ್ಷೆಗೆ ಓಡುತ್ತದೆ. ನಿಜವಾದ ಲಾಸ್ ತಪ್ಪಿಹೋದರೆ ರೋಗಿಯ ತಂಗಿಗೋ ಮಗನಿಗೋ ಸಮಯಕ್ಕೆ ಸ್ಕ್ಯಾನ್ ಆಗುವುದಿಲ್ಲ. ಹಾಗಾಗಿ ಈ ಕೈಪಿಡಿಯ ಹೆಚ್ಚಿನ ಭಾಗ ಒಂದೇ ಪ್ರಶ್ನೆಯ ಸುತ್ತ ಇದೆ: ಸ್ಲೈಡ್ ಖಾಲಿ ಕಂಡಾಗ ಆ ಖಾಲಿಯನ್ನು ನಂಬಬಹುದೇ?

ಮೊದಲು ಪಕ್ಕದ ಕೋಶ, ಆಮೇಲೆ ಗಡ್ಡೆ

ಲಾಸ್ ಮಾರ್ಕರ್‌ನ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ ತಕ್ಷಣ ಗಡ್ಡೆಯ ಕೋಶಗಳನ್ನು ನೋಡಬೇಡಿ. ಗಡ್ಡೆಯ ನಡುವೆ ಹಾಯುವ ಸಣ್ಣ ರಕ್ತನಾಳಗಳ ಒಳಪದರ, ಲಿಂಫೊಸೈಟ್‌ಗಳು, ಸಿಕ್ಕಿಹಾಕಿಕೊಂಡ ಸಹಜ ಟ್ಯೂಬ್ಯೂಲ್‌ಗಳು (ಕಿಡ್ನಿಯ ಸಣ್ಣ ನಳಿಕೆಗಳು), ಸ್ಟ್ರೋಮಾ (ಆಧಾರ ಅಂಗಾಂಶ) ಕೋಶಗಳು ಬಣ್ಣ ಹಿಡಿದಿವೆಯೇ ಎಂದು ಮೊದಲು ನೋಡಿ. ಬಣ್ಣ ಬರಲೇಬೇಕಾದ ಈ ಸಹಜ ಕೋಶಗಳೇ ಒಳ ಕಂಟ್ರೋಲ್. ಹಿಡಿದಿರುವ ಜಾಗವನ್ನು ಸ್ಲೈಡಿನ ಮೇಲೆಯೇ ಮಾರ್ಕರ್ ಪೆನ್ನಿನಿಂದ ಸುತ್ತು ಹಾಕಿ. ಆ ಸುತ್ತಿನ ಒಳಗೆ ಅಥವಾ ಅದಕ್ಕೆ ಅಂಟಿಕೊಂಡ ಗಡ್ಡೆಯ ಕೋಶಗಳನ್ನು ಮಾತ್ರ ಓದಿ. ಒಂದು ಮಿಲಿಮೀಟರ್ ಆಚೆಗೆ ಕಂಟ್ರೋಲ್ ಕೋಶವೂ ಖಾಲಿ ಇದ್ದರೆ ಅಲ್ಲಿನ ಗಡ್ಡೆಯ ಬಗ್ಗೆ ಏನೂ ಹೇಳುವಂತಿಲ್ಲ.

ಯಾವ ಮಾರ್ಕರ್‌ಗೆ ಯಾವ ಒಳ ಕಂಟ್ರೋಲ್ ಎಂಬುದು ಟೆಕ್ನಿಷಿಯನ್‌ಗೂ ಬಾಯಿಪಾಠ ಆಗಿರಬೇಕು. ಎಸ್‌ಡಿಎಚ್‌ಬಿ ಮತ್ತು ಎಫ್‌ಎಚ್‌ಗೆ ಟ್ಯೂಬ್ಯೂಲ್, ರಕ್ತನಾಳ, ಲಿಂಫೊಸೈಟ್ ಎಲ್ಲವೂ ನಡೆಯುತ್ತವೆ. ಬಣ್ಣ ಕೋಶದ್ರವದಲ್ಲಿ ಕಣಕಣವಾಗಿ ಇರಬೇಕು. ಬಿಎಪಿ1, ಐಎನ್‌ಐ1 ಎರಡಕ್ಕೂ ರಕ್ತನಾಳದ ಒಳಪದರ ಮತ್ತು ಲಿಂಫೊಸೈಟ್‌ಗಳ ಕೋಶಕೇಂದ್ರ. ಸಿಕೆ7ಗೆ ಡಿಸ್ಟಲ್ ಟ್ಯೂಬ್ಯೂಲ್ ಮತ್ತು ಕಲೆಕ್ಟಿಂಗ್ ಡಕ್ಟ್. ಸಿಡಿ117ಕ್ಕೆ ಮಾಸ್ಟ್ ಕೋಶಗಳು. ಸಿಎ9 ಮತ್ತು ಸಿಕೆ20ಕ್ಕೆ ಮಾತ್ರ ಕಿಡ್ನಿಯೊಳಗೆ ನಂಬುವಂಥ ಕಂಟ್ರೋಲ್ ಸಿಗುವುದಿಲ್ಲ. ಸಿಎ9ಗೆ ಜಠರದ ಒಳಪದರದ ತುಂಡು, ಸಿಕೆ20ಕ್ಕೆ ದೊಡ್ಡ ಕರುಳಿನ ತುಂಡು ಹೊರಗಿನಿಂದ ಬೇಕು.

ಹೊರ ಕಂಟ್ರೋಲನ್ನು ಬೇರೆ ಸ್ಲೈಡಿನಲ್ಲಿ ಇಡುವುದಕ್ಕಿಂತ ರೋಗಿಯ ಸೆಕ್ಷನ್ (ಅಂಗಾಂಶದ ತೆಳು ಹೋಳು) ಇರುವ ಸ್ಲೈಡಿನ ಮೂಲೆಗೇ ಅಪೆಂಡಿಕ್ಸ್ ಮತ್ತು ಸಹಜ ಕಿಡ್ನಿಯ ಚಿಕ್ಕ ಸೆಕ್ಷನ್ ಕೂರಿಸಿ. ಆ್ಯಂಟಿಬಾಡಿ ಹಾಕಲು ಮರೆತ ಸ್ಲೈಡ್ ಆಗ ತಾನಾಗಿ ಸಿಕ್ಕಿಬೀಳುತ್ತದೆ. ಆದರೆ ಇದರ ಮಿತಿ ನೆನಪಿರಲಿ. ನಿಮ್ಮ ಅಪೆಂಡಿಕ್ಸ್ ಅಚ್ಚುಕಟ್ಟಾಗಿ 24 ಗಂಟೆ ಫಾರ್ಮಲಿನ್‌ನಲ್ಲಿ ಫಿಕ್ಸ್ ಆಗಿರುತ್ತದೆ (ಕೊಳೆಯದಂತೆ ಗಟ್ಟಿಯಾಗಿರುತ್ತದೆ), ರೋಗಿಯ ಕಿಡ್ನಿ ಆಗಿರಲಿಕ್ಕಿಲ್ಲ. ಹೊರ ಕಂಟ್ರೋಲ್ ರಾಸಾಯನಿಕಗಳ ಬಗ್ಗೆ ಹೇಳುತ್ತದೆ, ಒಳ ಕಂಟ್ರೋಲ್ ಅಂಗಾಂಶದ ಬಗ್ಗೆ ಹೇಳುತ್ತದೆ.

ದೋಷ: ಒಳ ಕಂಟ್ರೋಲೂ ಖಾಲಿ, ಹೊರ ಕಂಟ್ರೋಲ್ ಚೆನ್ನಾಗಿದೆ

ಇದು ಫಿಕ್ಸೇಷನ್ ದೋಷ. ಸೆಕ್ಷನ್‌ನ ಅಂಚಿನಲ್ಲಿ ಬಣ್ಣ ಇದ್ದು ನಡುಭಾಗ ಬೋಳಾಗಿದ್ದರೆ ಅನುಮಾನವೇ ಬೇಡ. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವ ವೇಗ ಮೊದಲಲ್ಲಿ ಗಂಟೆಗೆ ಹೆಚ್ಚೆಂದರೆ 1 ಮಿಲಿಮೀಟರ್, ಒಳಗೆ ಹೋದಂತೆ ಇನ್ನೂ ನಿಧಾನ. ಕೊಬ್ಬು, ಕ್ಯಾಪ್ಸ್ಯೂಲ್ ಸಮೇತ ಇಡೀ ಕಿಡ್ನಿಯನ್ನು ಸೀಳದೆ ಡಬ್ಬಿಗೆ ಹಾಕಿದರೆ ನಡುವಿನ ಗಡ್ಡೆ ಫಿಕ್ಸ್ ಆಗುವ ಮೊದಲೇ ಕೊಳೆಯತೊಡಗುತ್ತದೆ. ಶನಿವಾರ ಸಂಜೆ ವಿರಾಜಪೇಟೆಯಲ್ಲೋ ಗೋಣಿಕೊಪ್ಪದಲ್ಲೋ ತೆಗೆದ ಕಿಡ್ನಿ ಸೋಮವಾರ ಲ್ಯಾಬ್ ತಲುಪುವಂತಿದ್ದರೆ ಈ ತೊಂದರೆ ಖಚಿತ. ಘಾಟಿ ರಸ್ತೆಗೆ ಮಣ್ಣು ಜರಿದರೆ ಇನ್ನೂ ತಡ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಕಡೆಯ ರಸ್ತೆ ಮುಚ್ಚಿದ್ದನ್ನು ನೆನೆದು, ಮಳೆಗಾಲದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವಾಗಲೇ ಸ್ಯಾಂಪಲ್ ಹೋಗುವ ದಾರಿಯನ್ನೂ ಗೊತ್ತುಮಾಡಿಕೊಳ್ಳಬೇಕು.

ಪರಿಹಾರ ಆಪರೇಷನ್ ಥಿಯೇಟರ್‌ನಲ್ಲೇ ಶುರುವಾಗಬೇಕು. ಕಿಡ್ನಿ ಹೊರಬಂದ ಒಂದು ಗಂಟೆಯೊಳಗೆ, ಹೊರಮೈಗೆ ಇಂಕ್ ಹಚ್ಚಿ, ಉಬ್ಬಿದ ಬದಿಯಿಂದ ಹೈಲಂ (ರಕ್ತನಾಳಗಳು ಕಿಡ್ನಿಯೊಳಗೆ ಹೋಗುವ ತಗ್ಗು) ಕಡೆಗೆ ಉದ್ದುದ್ದ ಸೀಳಬೇಕು. ಹೈಲಂನ ರಕ್ತನಾಳಗಳನ್ನು ಮುಟ್ಟಬಾರದು. ಗಡ್ಡೆಯ ಭಾಗದಲ್ಲಿ ಒಂದೊಂದು ಸೆಂಟಿಮೀಟರಿಗೆ ಹೋಳು ಮಾಡಿ, ಹೋಳುಗಳ ನಡುವೆ ಗಾಜ್ ಬಟ್ಟೆ ಇಟ್ಟು, ಅಂಗಾಂಶದ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಅರ್ಧ ಕಿಲೋ ತೂಗುವ ಸ್ಯಾಂಪಲ್‌ಗೆ 5 ಲೀಟರ್ ಬೇಕು ಎಂದಾಯಿತು. ಅಗಲ ಬಾಯಿಯ ಬಕೆಟ್ ಇಡಿ, ಉಪ್ಪಿನಕಾಯಿ ಭರಣಿಯಷ್ಟು ಡಬ್ಬಿ ಸಾಲದು. ಸೀಳಲು ಯಾರೂ ಇಲ್ಲದಿದ್ದರೆ, ಸಲೈನ್‌ನಲ್ಲಿ ತೇವ ಮಾಡಿದ ಗಾಜ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಐಸ್‌ಗೆ ನೇರ ತಾಗದಂತೆ 4 ಡಿಗ್ರಿಯ ಡಬ್ಬಿಯಲ್ಲಿ ಅಂದೇ 2–3 ಗಂಟೆಯೊಳಗೆ ಲ್ಯಾಬಿಗೆ ಕಳಿಸುವುದು, ಸೀಳದೆ ಫಾರ್ಮಲಿನ್‌ಗೆ ಹಾಕಿ ಎರಡು ದಿನ ಬಿಡುವುದಕ್ಕಿಂತ ಎಷ್ಟೋ ಮೇಲು.

ಫಾರ್ಮಲಿನ್ ಬಫರ್ ಆಗಿರಲೇಬೇಕು. ಒಂದು ಲೀಟರಿಗೆ: 37–40 ಶೇಕಡಾದ ಫಾರ್ಮಾಲ್ಡಿಹೈಡ್ 100 ಮಿಲಿ, ಡಿಸ್ಟಿಲ್ಡ್ ನೀರು 900 ಮಿಲಿ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೊಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ 7ರ ಆಸುಪಾಸು ಬರಬೇಕು. ನಲ್ಲಿ ನೀರಿಗೆ ಫಾರ್ಮಲಿನ್ ಸುರಿದು ಇಟ್ಟರೆ ದಿನ ಕಳೆದಂತೆ ಫಾರ್ಮಿಕ್ ಆಮ್ಲ ಹುಟ್ಟಿ ರಕ್ತ ಹೆಚ್ಚಿರುವ ಕಿಡ್ನಿ ಅಂಗಾಂಶದಲ್ಲಿ ಕಪ್ಪುಕಂದು ಹರಳುಗಳು ಮೂಡುತ್ತವೆ. ಕಂದು ಬಣ್ಣದ ಡ್ಯಾಬ್ (ಐಎಚ್‌ಸಿಯಲ್ಲಿ ಕಣ್ಣಿಗೆ ಕಾಣುವ ಬಣ್ಣ) ಓದುವವರಿಗೆ ಇದರಷ್ಟು ಕಿರಿಕಿರಿ ಬೇರೆ ಇಲ್ಲ. ಪೋಲರೈಸ್ಡ್ ಬೆಳಕಿನಲ್ಲಿ ಆ ಹರಳು ಹೊಳೆಯುತ್ತದೆ, ಡ್ಯಾಬ್ ಹೊಳೆಯುವುದಿಲ್ಲ. ಸ್ಯಾಚುರೇಟೆಡ್ ಆಲ್ಕೊಹಾಲಿಕ್ ಪಿಕ್ರಿಕ್ ಆಮ್ಲದಲ್ಲಿ ಅದನ್ನು ತೆಗೆಯಬಹುದಾದರೂ ಫಾರ್ಮಲಿನ್ ಸರಿಮಾಡುವುದೇ ಸುಲಭ.

ಫಿಕ್ಸೇಷನ್ ಅವಧಿ 24ರಿಂದ 48 ಗಂಟೆ ಸಾಕು. 72 ದಾಟಿದರೆ ಪ್ರೋಟೀನ್‌ಗಳ ನಡುವಿನ ಬಂಧ ಬಿಗಿಯಾಗಿ ಆ್ಯಂಟಿಬಾಡಿಗೆ ಜಾಗ ಸಿಗುವುದಿಲ್ಲ. ಹೀಗಾದ ಬ್ಲಾಕಿಗೆ (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡು) ರಿಟ್ರೀವಲ್ ಸಮಯ ಒಂದೂವರೆ ಪಟ್ಟು ಹೆಚ್ಚಿಸಿ ಮತ್ತೊಮ್ಮೆ ನೋಡಬಹುದು, ಕೆಲವೊಮ್ಮೆ ಬಣ್ಣ ಮರಳಿ ಬರುತ್ತದೆ. ಕೊಳೆತ ಅಂಗಾಂಶಕ್ಕೆ ಇಂಥ ದಾರಿ ಇಲ್ಲ. ಅದೇ ಕಿಡ್ನಿಯ ಬೇರೆ ಬ್ಲಾಕ್ ಹುಡುಕಬೇಕು: ಗಡ್ಡೆ ಮತ್ತು ಸಹಜ ಕಿಡ್ನಿ ಎರಡೂ ಒಟ್ಟಿಗೆ ಬರುವ ಅಂಚಿನ ಬ್ಲಾಕ್. ಗ್ರಾಸಿಂಗ್ (ಸ್ಯಾಂಪಲ್ ನೋಡಿ ತುಂಡು ಆರಿಸುವುದು) ಮಾಡುವಾಗಲೇ ಅಂಥ ಬ್ಲಾಕ್ ಎರಡಾದರೂ ತೆಗೆದಿಟ್ಟಿರಿ.

ದೋಷ: ಒಳ ಕಂಟ್ರೋಲ್, ಹೊರ ಕಂಟ್ರೋಲ್ ಎರಡೂ ಖಾಲಿ ಅಥವಾ ಮಂಕು

ಈಗ ತಪ್ಪು ಅಂಗಾಂಶದ್ದಲ್ಲ, ಸ್ಟೇನಿಂಗ್ ಕೆಲಸದ್ದು. ಮಡಿಕೇರಿಯಂಥ ಎತ್ತರದ ಊರಿನಲ್ಲಿ ಮೊದಲು ಅನುಮಾನಿಸಬೇಕಾದ್ದು ರಿಟ್ರೀವಲ್ ಶಾಖವನ್ನು. ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಇಲ್ಲಿ ನೀರು 100 ಡಿಗ್ರಿಗಲ್ಲ, 96 ಡಿಗ್ರಿಯ ಸುತ್ತಮುತ್ತ ಕುದಿಯುತ್ತದೆ. ಬಯಲುಸೀಮೆಯಲ್ಲಿ ಬರೆದ ‘ಮೈಕ್ರೋವೇವ್‌ನಲ್ಲಿ 20 ನಿಮಿಷ ಕುದಿಸಿ’ ಎಂಬ ಸೂಚನೆಯನ್ನು ಹಾಗೇ ಪಾಲಿಸಿದರೆ ಇಲ್ಲಿ ಅಷ್ಟು ಶಾಖ ಸಿಗುವುದಿಲ್ಲ. ಬಫರ್ ಗಳಗಳ ಕುದಿಯುತ್ತಿರುವುದನ್ನು ನೋಡಿ ಸರಿಯಾಗಿದೆ ಎಂದುಕೊಳ್ಳುವುದೇ ಬಲೆ. ಥರ್ಮಾಮೀಟರ್ ಅದ್ದಿ ನೋಡಿ. ತೆರೆದ ವಾಟರ್ ಬಾತ್ ಅಥವಾ ಮೈಕ್ರೋವೇವ್ ಬಿಟ್ಟರೆ ಗತಿಯಿಲ್ಲ ಎಂದಾದರೆ 30–40 ನಿಮಿಷಕ್ಕೆ ಏರಿಸಿ, ಸಹಜ ಕಿಡ್ನಿಯ ಮೇಲೆ ಪರೀಕ್ಷಿಸಿಕೊಳ್ಳಿ.

ಪ್ರೆಷರ್ ಕುಕ್ಕರ್ ಇದ್ದರೆ ಈ ತಾಪತ್ರಯವಿಲ್ಲ. ಒಂದು ಕೆಜಿ ಒತ್ತಡದ ಮನೆಬಳಕೆಯ ಕುಕ್ಕರ್ ಮಡಿಕೇರಿಯಲ್ಲೂ ಸುಮಾರು 118 ಡಿಗ್ರಿಗೆ ಏರುತ್ತದೆ. ಸ್ಟೀಲಿನದೇ ಇರಲಿ, ಪಿಎಚ್ 9ರ ಬಫರ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಬಫರ್ ಮೊದಲು ಕುದಿಬರಲಿ, ಆಮೇಲೆ ಸ್ಲೈಡ್ ರ‍್ಯಾಕ್ ಇಳಿಸಿ, ಮುಚ್ಚಳ ಹಾಕಿ, ಪೂರ್ತಿ ಒತ್ತಡ ಬಂದ ಮೇಲೆ 3 ನಿಮಿಷ ಗಡಿಯಾರ ನೋಡಿ ಎಣಿಸಿ. ಕೂಗು ಎಣಿಸುವ ಅಭ್ಯಾಸ ಅಡುಗೆಗೆ ಸರಿ; ಗ್ಯಾಸಿನ ಉರಿ, ರಬ್ಬರ್ ಗ್ಯಾಸ್ಕೆಟ್ಟಿನ ಹಳೆತನ ಬದಲಾದಂತೆ ಎರಡು ಕೂಗಿನ ನಡುವಿನ ಸಮಯವೂ ಬದಲಾಗುತ್ತದೆ. ಕುಕ್ಕರ್ ಒಳಗೆ ನೀರು ಹಾಕಿ ಅದರಲ್ಲಿ ಪ್ಲಾಸ್ಟಿಕ್ ಜಾರ್ ಇಟ್ಟು ಮಾಡುವವರು ಜಾರ್ ಒಳಗಿನ ಬಫರ್ ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಗಿದ ಮೇಲೆ 20 ನಿಮಿಷ ತಾನಾಗಿ ತಣಿಯಲಿ. ಬಿಸಿ ಸ್ಲೈಡಿಗೆ ತಣ್ಣೀರು ಹೊಯ್ದರೆ ಸೆಕ್ಷನ್ ಎದ್ದುಹೋಗುತ್ತದೆ.

ಬಫರ್‌ಗಳು ಎರಡು ಸಾಕು. ಸಿಟ್ರೇಟ್: ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 2.94 ಗ್ರಾಂ ಒಂದು ಲೀಟರಿಗೆ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 6.0. ಟ್ರಿಸ್-ಇಡಿಟಿಎ: ಟ್ರಿಸ್ ಬೇಸ್ 1.21 ಗ್ರಾಂ, ಇಡಿಟಿಎ 0.37 ಗ್ರಾಂ, ಟ್ವೀನ್-20 ಅರ್ಧ ಮಿಲಿ, ಒಂದು ಲೀಟರಿಗೆ, ಪಿಎಚ್ 9.0. ಕೋಶಕೇಂದ್ರದ ಮಾರ್ಕರ್‌ಗಳಿಗೆ ಪಿಎಚ್ 9 ಸಾಮಾನ್ಯವಾಗಿ ಹೆಚ್ಚು ಒಗ್ಗುತ್ತದೆ, ಆದರೆ ಆ್ಯಂಟಿಬಾಡಿಯ ಕ್ಲೋನ್ (ತಳಿ) ಬದಲಾದರೆ ಎರಡರಲ್ಲೂ ಒಮ್ಮೆ ನೋಡಿಯೇ ನಿರ್ಧರಿಸಿ. ಪಿಎಚ್ ಮೀಟರನ್ನು ಬಳಸುವ ದಿನ ಕ್ಯಾಲಿಬ್ರೇಟ್ ಮಾಡಿ. ವಾರಗಟ್ಟಲೆ ಇಟ್ಟ ಸಿಟ್ರೇಟ್‌ನಲ್ಲಿ ಬೂಷ್ಟು ಬೆಳೆಯುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ.

ಎರಡನೆಯ ಅನುಮಾನ ಚಳಿ. ಕಿಟ್‌ನ ಹಾಳೆಯಲ್ಲಿ ‘ರೂಮ್ ಟೆಂಪರೇಚರ್’ ಎಂದರೆ 20ರಿಂದ 25 ಡಿಗ್ರಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲೋ ಡಿಸೆಂಬರಿನ ಬೆಳಿಗ್ಗೆಯೋ ಮಡಿಕೇರಿಯ ಕೋಣೆ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಆ್ಯಂಟಿಬಾಡಿ ಅಂಟಿಕೊಳ್ಳುವುದೂ ನಿಧಾನ, ಡ್ಯಾಬ್ ಬಣ್ಣ ಕಟ್ಟುವುದೂ ನಿಧಾನ. ಒಂದೇ ಆ್ಯಂಟಿಬಾಡಿ ಏಪ್ರಿಲ್‌ನಲ್ಲಿ ಗಾಢವಾಗಿಯೂ ಜುಲೈನಲ್ಲಿ ಮಂಕಾಗಿಯೂ ಬರುತ್ತಿದ್ದರೆ ಕಾರಣ ಇದೇ ಇರಬಹುದು. ತೇವದ ಚೇಂಬರನ್ನು 25 ಡಿಗ್ರಿಗೆ ಇಟ್ಟ ಇನ್‌ಕ್ಯುಬೇಟರ್ ಒಳಗಿಡಿ. ಫ್ರಿಜ್‌ನಿಂದ ತೆಗೆದ ರೀಏಜೆಂಟ್‌ಗಳನ್ನು ಅರ್ಧ ಗಂಟೆ ಹೊರಗಿಟ್ಟ ಮೇಲಷ್ಟೇ ಬಳಸಿ.

ಮೂರನೆಯದು ಆ್ಯಂಟಿಬಾಡಿಯೇ. ಮಳೆಗಾಳಿಗೆ ಕರೆಂಟ್ ಹೋಗಿ ಬಂದು ಮಾಡಿದಾಗ ಫ್ರಿಜ್‌ನ ತಾಪ ಏರುತ್ತದೆ, ಇಲ್ಲವೇ ಫ್ರೀಜರ್ ಪಕ್ಕದ ಸೀಸೆ ಹೆಪ್ಪುಗಟ್ಟಿ ಕರಗುತ್ತದೆ. ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ಒಳಗಿಟ್ಟು ದಿನಾ ಬರೆದಿಡಿ. ಹೊಸ ಸೀಸೆ ಬಂದಾಗ ಸಹಜ ಕಿಡ್ನಿಯ ಮೇಲೆ 1:50, 1:100, 1:200, 1:400 ಹೀಗೆ ನಾಲ್ಕು ಸ್ಲೈಡ್ ಹಾಕಿ, ಟ್ಯೂಬ್ಯೂಲ್ ಗಾಢವಾಗಿದ್ದು ಹಿನ್ನೆಲೆ ಬೆಳ್ಳಗಿರುವುದನ್ನು ಆರಿಸಿ. ಒಂದು ಸ್ಲೈಡಿಗೆ 100–200 ಮೈಕ್ರೋಲೀಟರ್ ಬೇಕು. ತೆಳು ಮಾಡುವ ದ್ರವದಲ್ಲಿ ಸೋಡಿಯಂ ಅಜೈಡ್ ಇದ್ದರೆ ಅದು ಡ್ಯಾಬ್ ಬಣ್ಣ ಕಟ್ಟುವ ಪೆರಾಕ್ಸಿಡೇಸ್ ಕಿಣ್ವವನ್ನು ಕೊಲ್ಲುತ್ತದೆ, ತೊಳೆಯುವ ಬಫರ್‌ನಲ್ಲಂತೂ ಅದು ಇರಲೇಬಾರದು.

ದೋಷ: ಎಲ್ಲವೂ ಕಂದು, ಖಾಲಿ ಇರಬೇಕಾದ ಗಡ್ಡೆಯೂ ಕಂದು

ಕಿಡ್ನಿಯ ಮಟ್ಟಿಗೆ ಇದು ಅತ್ಯಂತ ಅಪಾಯದ ದೋಷ. ಸ್ಲೈಡ್ ನೋಡಲು ಚೆನ್ನಾಗಿಯೇ ಇರುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಕಿಡ್ನಿ ಟ್ಯೂಬ್ಯೂಲ್‌ಗಳಲ್ಲೂ ಮೈಟೊಕಾಂಡ್ರಿಯಾ ತುಂಬಿದ ಆಂಕೊಸೈಟಿಕ್ ಗಡ್ಡೆಗಳಲ್ಲೂ ಬಯೋಟಿನ್ ಹೇರಳ. ಅವಿಡಿನ್-ಬಯೋಟಿನ್ ಅಥವಾ ಸ್ಟ್ರೆಪ್ಟವಿಡಿನ್ ಆಧಾರದ ಹಳೆಯ ಡಿಟೆಕ್ಷನ್ ಕಿಟ್ ಬಳಸಿದರೆ ಅದು ಪ್ರೈಮರಿ ಆ್ಯಂಟಿಬಾಡಿ (ಮಾರ್ಕರ್ ಪ್ರೋಟೀನನ್ನು ನೇರ ಹಿಡಿಯುವುದು) ಇಲ್ಲದೆಯೇ ಆ ಬಯೋಟಿನ್‌ಗೆ ಅಂಟಿ ಕೋಶದ್ರವದಲ್ಲಿ ಕಣಕಣವಾದ ಕಂದು ಬಣ್ಣ ಕೊಡುತ್ತದೆ. ಶಾಖದ ರಿಟ್ರೀವಲ್ ಆದ ಮೇಲೆ ಇನ್ನೂ ಜೋರು. ಎಸ್‌ಡಿಎಚ್‌ಬಿಯ ಸಹಜ ಬಣ್ಣವೂ ಇದೇ ತರದ ಕಣಗಳು. ನಿಜಕ್ಕೂ ಎಸ್‌ಡಿಎಚ್ ಕಳೆದುಕೊಂಡ ಗಡ್ಡೆ ‘ರಿಟೇನ್ಡ್’ ಎಂದು ವರದಿಯಾಗಿ ‘ಆಂಕೊಸೈಟೋಮ’ (ಕ್ಯಾನ್ಸರ್ ಅಲ್ಲದ ಗಡ್ಡೆ) ಎಂಬ ಹಣೆಪಟ್ಟಿ ಹೊತ್ತು ಮನೆಗೆ ಹೋಗುವುದು ಹೀಗೆ.

ಪತ್ತೆ ಸುಲಭ. ಅದೇ ಬ್ಲಾಕಿನ ಇನ್ನೊಂದು ಸೆಕ್ಷನ್‌ಗೆ ಪ್ರೈಮರಿ ಬದಲು ಬರೀ ಡೈಲ್ಯೂಯೆಂಟ್ (ತೆಳು ಮಾಡುವ ದ್ರವ) ಹಾಕಿ ಉಳಿದದ್ದೆಲ್ಲ ಹಾಗೇ ನಡೆಸಿ. ಬಣ್ಣ ಬಂದರೆ ಅದು ಎಸ್‌ಡಿಎಚ್‌ಬಿ ಅಲ್ಲ. ಪರಿಹಾರ: ಬಯೋಟಿನ್ ಇಲ್ಲದ ಪಾಲಿಮರ್ ಡಿಟೆಕ್ಷನ್ ಕಿಟ್. ಕಿಡ್ನಿಗೆ ಇದು ಕಡ್ಡಾಯ ಎಂದೇ ನಮ್ಮ ಅಭಿಪ್ರಾಯ, ಖರ್ಚು ಹೆಚ್ಚಾದರೂ ಸರಿ. ಪ್ರೈಮರಿ ಹಾಕದ ಸ್ಲೈಡ್ ಪ್ರತಿ ಕೇಸಿಗೂ ಒಂದು ಇರಲಿ.

ಆ ಸ್ಲೈಡ್‌ನಲ್ಲಿ ಕೆಂಪು ರಕ್ತಕಣಗಳು ಮಾತ್ರ ಕಂದಾಗಿದ್ದರೆ ಅವುಗಳದೇ ಪೆರಾಕ್ಸಿಡೇಸ್‌ಗೆ ಹಾಕಿದ ತಡೆ ಸಾಲದು. 30 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ 10 ಮಿಲಿಗೆ 90 ಮಿಲಿ ನೀರು ಸೇರಿಸಿ 10 ನಿಮಿಷ ಇಡಿ. ತೆರೆದಿಟ್ಟ ಹಳೆಯ ಪೆರಾಕ್ಸೈಡ್ ಸತ್ತ್ವ ಕಳೆದುಕೊಂಡಿರುತ್ತದೆ. ಮ್ಯಾಕ್ರೊಫೇಜ್‌ಗಳಲ್ಲಿ ಹೊಂಬಣ್ಣದ ಉಂಡೆಗಳಿದ್ದರೆ ಹಳೆಯ ರಕ್ತಸ್ರಾವದ ಹೀಮೊಸಿಡರಿನ್, ಪರ್ಲ್ಸ್ ಬಣ್ಣದಲ್ಲಿ ನೀಲಿಯಾಗುತ್ತದೆ. ಅಂಚು ಮಾತ್ರ ಕಂದಾಗಿದ್ದರೆ ನಡುವೆ ಸ್ಲೈಡ್ ಒಣಗಿದೆ.

ದೋಷ: ಸೆಕ್ಷನ್ ಎದ್ದುಹೋಗುತ್ತದೆ, ಕ್ಸೈಲಿನ್ ಹಾಲಿನಂತಾಗುತ್ತದೆ

ಮಳೆಗಾಲದ ರೋಗ. ಅಬ್ಸೊಲ್ಯೂಟ್ ಆಲ್ಕೊಹಾಲ್ ಗಾಳಿಯ ತೇವ ಹೀರುತ್ತದೆ. ಅದರಿಂದ ತೆಗೆದ ಸ್ಲೈಡ್ ಕ್ಸೈಲಿನ್‌ಗೆ ಹೋದಾಗ ಬಿಳಿ ಮಬ್ಬು ಕಂಡರೆ ನೀರು ಉಳಿದಿದೆ ಎಂದರ್ಥ. ಕೊನೆಯ ಆಲ್ಕೊಹಾಲ್ ಜಾರಿನ ತಳಕ್ಕೆ ನೀರಿಲ್ಲದ ಕಾಪರ್ ಸಲ್ಫೇಟ್ ಹಾಕಿ ಫಿಲ್ಟರ್ ಕಾಗದ ಮುಚ್ಚಿಡಿ. ಬಿಳಿ ಪುಡಿ ನೀಲಿಗೆ ತಿರುಗಿದ ದಿನ ಆಲ್ಕೊಹಾಲ್ ಬದಲಿಸಿ. ಅಂಗಾಂಶದ ನೀರು ತೆಗೆದು ಮೇಣ ತುಂಬುವ ಪ್ರೊಸೆಸರ್‌ಗೂ ಇದೇ ನಿಯಮ, ಅಲ್ಲಿ ನೀರು ಉಳಿದರೆ ಬ್ಲಾಕಿನ ನಡುಭಾಗ ಮೆತ್ತಗಾಗಿ ಕತ್ತರಿಸುವಾಗಲೇ ಕುಸಿಯುತ್ತದೆ.

ಸೆಕ್ಷನ್ 3–4 ಮೈಕ್ರಾನ್ ಇರಲಿ. ಚಾರ್ಜ್ಡ್ ಸ್ಲೈಡ್ ಬಳಸುವಾಗ ವಾಟರ್ ಬಾತ್‌ಗೆ ಜೆಲಟಿನ್, ಆಲ್ಬುಮಿನ್ ಹಾಕಬೇಡಿ, ಅವು ಸ್ಲೈಡಿನ ಚಾರ್ಜನ್ನೇ ಮುಚ್ಚಿಬಿಡುತ್ತವೆ. ಸ್ಲೈಡ್ ನೆಟ್ಟಗೆ ನಿಲ್ಲಿಸಿ ನೀರು ಇಳಿಯಲು ಬಿಟ್ಟು, 37 ಡಿಗ್ರಿಯಲ್ಲಿ ರಾತ್ರಿಯಿಡೀ, ಬೆಳಿಗ್ಗೆ 60 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಕತ್ತರಿಸಿಟ್ಟ ಸೆಕ್ಷನ್‌ಗಳು ತೇವದಲ್ಲಿ ಆ್ಯಂಟಿಜನ್ ಕಳೆದುಕೊಳ್ಳುತ್ತವೆ. ಸಿಲಿಕಾ ಜೆಲ್ ಜೊತೆ ಮುಚ್ಚಿ 4 ಡಿಗ್ರಿಯಲ್ಲಿಟ್ಟು ಒಂದು ವಾರದೊಳಗೆ ಬಳಸಿ. ಮೈಸೂರಿಗೋ ಬೆಂಗಳೂರಿಗೋ ಎರಡನೆಯ ಅಭಿಪ್ರಾಯಕ್ಕೆ ಕಳಿಸುವುದಾದರೆ ಬಣ್ಣ ಹಾಕದ ಸ್ಲೈಡ್‌ಗಳಿಗಿಂತ ಬ್ಲಾಕ್ ಕಳಿಸಿ.

ಇನ್ನೊಂದು ಸಣ್ಣ ಮಾತು ಕೋಶಕೇಂದ್ರಕ್ಕೆ ನೀಲಿ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಬಗ್ಗೆ. ಲ್ಯಾಬಿಗೆ ಬರುವ ನೀರು ಮೆದುವಾಗಿದ್ದು ಪಿಎಚ್ 7ಕ್ಕಿಂತ ಕೆಳಗಿದ್ದರೆ ಹೆಮಟಾಕ್ಸಿಲಿನ್ ನೀಲಿಗೆ ತಿರುಗದೆ ಕೆಂಪುನೇರಳೆಯಾಗಿ ಉಳಿಯುತ್ತದೆ, ಬಿಎಪಿ1ರ ಮಂದ ಕಂದನ್ನು ಅದರಿಂದ ಬೇರ್ಪಡಿಸುವುದು ಕಷ್ಟ. ಲೀಟರಿಗೆ ಸೋಡಿಯಂ ಬೈಕಾರ್ಬೊನೇಟ್ 3.5 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 20 ಗ್ರಾಂ ಹಾಕಿದ ದ್ರಾವಣದಲ್ಲಿ ಒಂದು ನಿಮಿಷ ಇಡಿ. ಹೆಮಟಾಕ್ಸಿಲಿನ್ ಅನ್ನೂ ತಿಳಿಯಾಗಿ ಹಾಕಿ.

ದೋಷ: ಸ್ಲೈಡ್ ಸರಿಯಿದೆ, ಓದುವುದು ತಪ್ಪುತ್ತಿದೆ

ಎಸ್‌ಡಿಎಚ್‌ಬಿ. ಎಸ್‌ಡಿಎಚ್‌ಎ, ಬಿ, ಸಿ, ಡಿ ಯಾವ ಜೀನ್ ಕೆಟ್ಟರೂ ಇಡೀ ಜೋಡಣೆ ಕುಸಿದು ಎಸ್‌ಡಿಎಚ್‌ಬಿ ಬಣ್ಣ ಹೋಗುತ್ತದೆ. ಎಸ್‌ಡಿಎಚ್‌ಎ ಬಣ್ಣ ಹೋಗುವುದು ಆ ಜೀನೇ ಕೆಟ್ಟಾಗ. ಕಣಗಳಿಲ್ಲದೆ ಹೊಗೆಯಂತೆ ಹರಡಿದ ಮಂದ ಬಣ್ಣವನ್ನು ‘ಇದೆ’ ಎಂದು ಓದಬೇಡಿ, ಮುಖ್ಯವಾಗಿ ಎಸ್‌ಡಿಎಚ್‌ಡಿ ದೋಷದಲ್ಲಿ ಹೀಗೆ ಕಾಣುತ್ತದೆ. ಅದನ್ನು ಲಾಸ್ ಎಂದೇ ಪರಿಗಣಿಸಬೇಕು. ಇದಕ್ಕೆ ವಿರುದ್ಧವಾದ ತಪ್ಪು ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ: ಕೋಶದ್ರವ ಪಾರದರ್ಶಕವಾಗಿ ಮೈಟೊಕಾಂಡ್ರಿಯಾ ಕಡಿಮೆ ಇರುವುದರಿಂದ ಬಣ್ಣ ಇದ್ದರೂ ಇಲ್ಲದಂತೆ ಕಾಣುತ್ತದೆ. 40ರ ಲೆನ್ಸ್ ಹಾಕಿ ಕೋಶದ ಅಂಚಿನಲ್ಲಿ ಕಣಗಳನ್ನು ಹುಡುಕಿ. ಎಚ್ ಅಂಡ್ ಇಯಲ್ಲಿ (ದಿನಬಳಕೆಯ ನೀಲಿ-ಗುಲಾಬಿ ಬಣ್ಣ) ಗುಳ್ಳೆಗಳಿರುವ ಕೆಂಪು ಕೋಶಗಳು, ಒಳಗೆ ಹತ್ತಿಯ ಎಳೆಯಂಥ ಮಸುಕು ವಸ್ತು, ಸಿಡಿ117 ಖಾಲಿ, ಇಷ್ಟಿದ್ದು ಎಸ್‌ಡಿಎಚ್‌ಬಿ ಹೋಗಿದ್ದರೆ ರೋಗನಿರ್ಣಯ ಗಟ್ಟಿ. ಪ್ಯಾರಾಗ್ಯಾಂಗ್ಲಿಯೋಮ, ಜಠರದ ಜಿಐಎಸ್‌ಟಿ ಗಡ್ಡೆಗಳ ಇತಿಹಾಸ ಕೇಳಿ.

ಎಫ್‌ಎಚ್. ಇಲ್ಲಿ ಉಳಿದಿರುವ ಬಣ್ಣವೂ ಮೋಸ ಮಾಡುತ್ತದೆ. ಮಿಸ್‌ಸೆನ್ಸ್ (ಜೀನಿನ ಒಂದಕ್ಷರದ) ಬದಲಾವಣೆಯಲ್ಲಿ ಕೆಲಸ ಮಾಡದ ಪ್ರೋಟೀನ್ ಕೋಶದಲ್ಲಿ ಉಳಿದುಕೊಂಡಿರುತ್ತದೆ, ಆ್ಯಂಟಿಬಾಡಿ ಅದನ್ನೇ ಹಿಡಿಯುತ್ತದೆ. 2ಎಸ್‌ಸಿ ಬಣ್ಣ ಸಿಗುವ ಕಡೆಗೆ ಕಳಿಸಿದರೆ ಉತ್ತರ ಸಿಗುತ್ತದೆ. ಎಫ್‌ಎಚ್ ಎಂಬ ಕಿಣ್ವ ಕೆಟ್ಟಾಗ ಫ್ಯೂಮರೇಟ್ ಶೇಖರವಾಗಿ ಪ್ರೋಟೀನ್‌ಗಳಿಗೆ ಅಂಟುತ್ತದೆ, ಆಗ ಕೋಶಕೇಂದ್ರ ಮತ್ತು ಕೋಶದ್ರವ ಎರಡೂ ಗಾಢವಾಗಿ ಬಣ್ಣ ಹಿಡಿಯುತ್ತವೆ. ಕೆಂಪಗೆ ದೊಡ್ಡದಾದ ನ್ಯೂಕ್ಲಿಯೋಲಸ್, ಸುತ್ತ ಬಿಳಿ ವಲಯ, ಒಂದೇ ಗಡ್ಡೆಯಲ್ಲಿ ಹಲವು ವಿನ್ಯಾಸ ಕಂಡರೆ ಎಫ್‌ಎಚ್ ಉಳಿದಿದೆ ಎಂದು ಸುಮ್ಮನಾಗಬೇಡಿ. ಈ ಗಡ್ಡೆ ಚಿಕ್ಕದಿರುವಾಗಲೇ ಹರಡಬಲ್ಲದು. ವಿಎಚ್‌ಎಲ್‌ನಲ್ಲಿ (ವಾನ್ ಹಿಪ್ಪೆಲ್-ಲಿಂಡೌ, ಕಿಡ್ನಿ ಗಡ್ಡೆ ತರುವ ಇನ್ನೊಂದು ವಂಶಪಾರಂಪರ್ಯ ರೋಗ) ಮಾಡುವಂತೆ 3 ಸೆಂಟಿಮೀಟರ್ ಆಗುವವರೆಗೆ ಕಾದು ನೋಡುವ ಕ್ರಮ ಇಲ್ಲಿ ಸಲ್ಲದು.

ಸಿಎ9. ವಿಎಚ್‌ಎಲ್‌ಗೆ ನಂಬಬಹುದಾದ ನೇರ ಬಣ್ಣವಿಲ್ಲ, ಅದರ ಪರಿಣಾಮವನ್ನು ಸಿಎ9 ತೋರಿಸುತ್ತದೆ. ಕೋಶದ ನಾಲ್ಕೂ ಬದಿಗೆ ಪೆಟ್ಟಿಗೆಯಂತೆ ಬಣ್ಣ ಬಂದು ಸಿಕೆ7 ಬಹುಪಾಲು ಖಾಲಿ ಇದ್ದರೆ ಕ್ಲಿಯರ್ ಸೆಲ್ ಕಾರ್ಸಿನೋಮ. ಮೇಲ್ಬದಿ ಬಿಟ್ಟು ಬಟ್ಟಲಿನಂತೆ ಬಂದು ಸಿಕೆ7 ಎಲ್ಲೆಡೆ ಗಾಢವಾಗಿದ್ದರೆ ಕ್ಲಿಯರ್ ಸೆಲ್ ಪ್ಯಾಪಿಲ್ಲರಿ ಗಡ್ಡೆ. ವಿಎಚ್‌ಎಲ್ ರೋಗಿಗಳಲ್ಲಿ ಇದನ್ನೇ ಹೋಲುವ ಗಡ್ಡೆಗಳೂ ಇರುತ್ತವೆ. ಸತ್ತ ಅಂಗಾಂಶದ ಪಕ್ಕದಲ್ಲಿ ಆಮ್ಲಜನಕದ ಕೊರತೆಯಿಂದ ಯಾವ ಗಡ್ಡೆಯೂ ಸಿಎ9 ತೋರಿಸಬಹುದು, ಆ ಜಾಗ ಓದಬೇಡಿ.

ಬಿಎಪಿ1. ವಂಶದಲ್ಲಿ ಬರದ ಸಾಮಾನ್ಯ ಕ್ಲಿಯರ್ ಸೆಲ್ ಕಾರ್ಸಿನೋಮಗಳಲ್ಲೂ ಹತ್ತರಲ್ಲಿ ಒಂದರಷ್ಟು ಇದನ್ನು ಕಳೆದುಕೊಂಡಿರುತ್ತವೆ. ಲಾಸ್ ಕಂಡ ಮಾತ್ರಕ್ಕೆ ಸಿಂಡ್ರೋಮ್ ಎನ್ನಬೇಡಿ. ಕಣ್ಣಿನ ಮೆಲನೋಮ, ಮೆಸೊಥೀಲಿಯೋಮ ಇದ್ದ ಬಂಧುಗಳಿದ್ದಾರೆಯೇ ವಿಚಾರಿಸಿ.

ಬರ್ಟ್-ಹಾಗ್-ಡ್ಯೂಬ್ ಎಂಬ ವಂಶಪಾರಂಪರ್ಯ ರೋಗಕ್ಕೆ ದಿನಬಳಕೆಯ ಲಾಸ್ ಬಣ್ಣವಿಲ್ಲ. ಆಂಕೊಸೈಟೋಮ ಮತ್ತು ಕ್ರೋಮೊಫೋಬ್ ಬೆರೆತಂತೆ ಕಾಣುವ ಗಡ್ಡೆಗಳು ಎರಡೂ ಕಿಡ್ನಿಯಲ್ಲಿ, ಸಿಡಿ117 ಇದೆ, ಸಿಕೆ7 ಚದುರಿ ಬಂದಿದೆ ಎಂದಾಗ ಮುಖದ ಮೇಲಿನ ಸಣ್ಣ ಬಿಳಿ ಗುಳ್ಳೆಗಳು, ಶ್ವಾಸಕೋಶದ ಸಿಸ್ಟ್, ಹಿಂದೆಂದೋ ಎದೆಯಲ್ಲಿ ಗಾಳಿ ತುಂಬಿ ಆಸ್ಪತ್ರೆ ಸೇರಿದ್ದು, ಇವನ್ನು ಕೇಳಬೇಕು. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಇನ್ನೊಂದು ವಂಶಪಾರಂಪರ್ಯ ರೋಗದ ಎಂಜಿಯೋಮಯೋಲೈಪೋಮ ಗಡ್ಡೆಗೆ ಎಚ್‌ಎಂಬಿ45, ಮೆಲಾನ್-ಎ ಹಾಕಿ. ಕೆಂಪು ಕೋಶಗಳ ಗಟ್ಟಿ-ಸಿಸ್ಟಿಕ್ ಕಾರ್ಸಿನೋಮಕ್ಕೆ ಸಿಕೆ20. ಆದರೆ ಆ ಕಾರ್ಸಿನೋಮ ಸಿಂಡ್ರೋಮ್ ಇಲ್ಲದವರಲ್ಲೂ ಬರುತ್ತದೆ.

ಐಎನ್‌ಐ1, ಮತ್ತು ಸಿಕಲ್ ಸೆಲ್

ಕೊಡಗಿನಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಕೊಡಬೇಕು. ಜೇನುಕುರುಬ, ಯರವ ಮುಂತಾದ ಸಮುದಾಯಗಳಲ್ಲಿ ಸಿಕಲ್ ಸೆಲ್ ಜೀನ್ (ಕೆಂಪು ರಕ್ತಕಣವನ್ನು ಕುಡುಗೋಲು ಆಕಾರಕ್ಕೆ ತಿರುಗಿಸುವುದು) ಇದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನದ ತಪಾಸಣೆಯಲ್ಲಿ ಕರ್ನಾಟಕವೂ ಸೇರಿದೆ. ಒಂದೇ ಪ್ರತಿ ಇರುವವರು ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಅಪರೂಪಕ್ಕೆ ಎಳೆ ವಯಸ್ಸಿನಲ್ಲಿ, ಹೆಚ್ಚಾಗಿ ಬಲ ಕಿಡ್ನಿಯಲ್ಲಿ, ಅತಿ ಉಗ್ರವಾದ ಮೆಡ್ಯುಲ್ಲರಿ ಕಾರ್ಸಿನೋಮ ಬರುತ್ತದೆ, ಅದರಲ್ಲಿ ಐಎನ್‌ಐ1 ಹೋಗಿರುತ್ತದೆ. ಯುವಕರ ಕಿಡ್ನಿಯ ನಡುಭಾಗದಲ್ಲಿ ವಿಕಾರ ಕೋಶಗಳ ಗಡ್ಡೆ, ನಾರು ಸ್ಟ್ರೋಮಾ, ನ್ಯೂಟ್ರೊಫಿಲ್‌ಗಳು ಕಂಡರೆ ಐಎನ್‌ಐ1 ಹಾಕಿ, ರಕ್ತನಾಳಗಳೊಳಗೆ ಕುಡುಗೋಲು ಆಕಾರದ ಕಣಗಳನ್ನು ಹುಡುಕಿ, ಹೀಮೊಗ್ಲೋಬಿನ್ ಪರೀಕ್ಷೆ ಮಾಡಿಸಿ. ಎಫ್‌ಎಚ್ ಕೊರತೆಯ ಗಡ್ಡೆಯೂ ಇದೇ ಮುಖ ಹೊತ್ತು ಬರುತ್ತದೆ, ಎರಡನ್ನೂ ಒಟ್ಟಿಗೇ ಹಾಕುವುದು ಒಳ್ಳೆಯದು.

ವರದಿಯಲ್ಲಿ ಏನು ಬರೆಯಬೇಕು

ಮೂರೇ ಉತ್ತರಗಳು: ಉಳಿದಿದೆ, ಹೋಗಿದೆ, ಓದಲು ಯೋಗ್ಯವಲ್ಲ. ಮೂರನೆಯದನ್ನು ಬರೆಯಲು ಹಿಂಜರಿಯಬೇಡಿ. ‘ಹೋಗಿದೆ’ ಎಂದು ಬರೆದಾಗ ಯಾವ ಒಳ ಕಂಟ್ರೋಲ್ ಬಣ್ಣ ಹಿಡಿದಿತ್ತು ಎಂಬುದನ್ನು ಅದೇ ಸಾಲಿನಲ್ಲಿ ಬರೆಯಿರಿ. ಕ್ಲೋನ್, ರಿಟ್ರೀವಲ್ ಬಫರ್, ಫಿಕ್ಸೇಷನ್ ಗಂಟೆಗಳು ಕೆಳಗಿರಲಿ. ಐಎಚ್‌ಸಿ ಗಡ್ಡೆಯ ಬಗ್ಗೆ ಹೇಳುತ್ತದೆ. ದೋಷ ಹುಟ್ಟಿನಿಂದ ಬಂದದ್ದೇ ಎಂಬುದನ್ನು ರಕ್ತದ ಜೀನ್ ಪರೀಕ್ಷೆಯೇ ಹೇಳಬೇಕು.

46 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸು, ಎರಡೂ ಕಿಡ್ನಿಯಲ್ಲಿ ಅಥವಾ ಒಂದರಲ್ಲೇ ಹಲವು ಗಡ್ಡೆ, ಹತ್ತಿರದ ಬಂಧುವಿಗೆ ಕಿಡ್ನಿ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ ಜೆನೆಟಿಕ್ ಸಮಾಲೋಚನೆಗೆ ಸೂಚಿಸಿ. ಕುಟುಂಬದ ಇತಿಹಾಸ ಬರೆದುಕೊಳ್ಳುವಾಗ ಇಲ್ಲೊಂದು ಕುಳಿ ಇದೆ. ಒಕ್ಕದ (ತಂದೆಯ ಕಡೆಯ ಮನೆತನ) ಹೆಸರು ಹಿಡಿದು ತಂದೆಯ ಕಡೆಯವರನ್ನು ಹಲವು ತಲೆಮಾರು ಹೇಳಬಲ್ಲ ಮನೆಗಳು ಇಲ್ಲಿವೆ. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಅಕ್ಕತಂಗಿಯರು, ಸೋದರತ್ತೆಯರು, ತಾಯಿಯ ತವರಿನವರು ಆ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಈ ಜೀನ್‌ಗಳು ತಾಯಿಯಿಂದಲೂ ತಂದೆಯಿಂದಲೂ ಸಮವಾಗಿ ಬರುತ್ತವೆ, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಎಫ್‌ಎಚ್ ಮನೆತನದ ಸುಳಿವು ಹೆಂಗಸರಲ್ಲೇ ಮೊದಲು ಕಾಣುವುದು ಹೆಚ್ಚು: ಇಪ್ಪತ್ತು-ಮೂವತ್ತರ ಪ್ರಾಯದಲ್ಲೇ ಗರ್ಭಕೋಶದ ಫೈಬ್ರಾಯ್ಡ್ ಗಂಟುಗಳಿಂದ ವಿಪರೀತ ರಕ್ತಸ್ರಾವ, ಗರ್ಭಕೋಶ ತೆಗೆಸಿದ್ದು, ಚಳಿಗೆ ನೋಯುವ ಚರ್ಮದ ಸಣ್ಣ ಗಂಟುಗಳು. ‘ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ?’ ಎಂದರೆ ಇಲ್ಲ ಎಂಬ ಉತ್ತರ ಬರುತ್ತದೆ. ‘ಅಮ್ಮನಿಗೆ, ಚಿಕ್ಕಮ್ಮನಿಗೆ, ಅತ್ತೆಗೆ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಆಪರೇಷನ್ ಆಗಿತ್ತೇ?’ ಎಂದು ಹೆಸರು ಹಿಡಿದು ಕೇಳಿ. ಆ ಆಪರೇಷನ್ನಿನ ಬ್ಲಾಕ್ ಯಾವುದಾದರೂ ಲ್ಯಾಬಿನಲ್ಲಿ ಉಳಿದಿದ್ದರೆ ತರಿಸಿ, ಅದಕ್ಕೂ ಎಫ್‌ಎಚ್ ಹಾಕಿ ನೋಡಿ.